ಹೊನ್ನಾಳಿಗೆ ಒಯ್ದ ಹಿತ್ತಾಳೆ ಡಬ್ಬಿ

ನಾವು ಜಗಳೂರು ಬಿಟ್ಟದ್ದು ಮಾಘ ಮಾಸದ ಒಂದು ಮಂಗಳವಾರ ಬೆಳಗ್ಗೆ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಕ್ಲೀನರ್ ಅರ್ಧ ತಾಸು ಆ ಒಲೆಯ ಗಾಳಿ ಚಕ್ರ ತಿರುವಿದ ಮೇಲೆ ಬಸ್ಸು ಕೆಮ್ಮಿಕೊಂಡು ಎದ್ದಿತು. ಮೇಲೆ ನಿಮ್ಮ ಅಜ್ಜನ ಕಂಬಳಿ ಗಂಟುಗಳು. ಒಳಗೆ ಹೆಂಗಸರ ಸೀಟಿನಲ್ಲಿ ನಾನು. ನನ್ನ ತೊಡೆಯ ಮೇಲೆ ಬುತ್ತಿಯ ಗಂಟು, ಅದರ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ಡಬ್ಬಿ.

ಮಕ್ಕಳೇ, ನೀವು ಎಷ್ಟೋ ಸಲ ಕೇಳಿದ್ದೀರಿ, ಅಜ್ಜಿ, ನೀನು ಮೊದಲು ಹೊಳೆ ನೋಡಿದ್ದು ಯಾವಾಗ ಎಂದು. ಆಗೆಲ್ಲ ನಾನು ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗಿದ್ದೇನೆ. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ತನಕ ಕಲಿತ ಅಕ್ಷರ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಜಗಳೂರು ಸೀಮೆಯ ನೇಕಾರರಿಂದ ಕಂಬಳಿ ಕೊಂಡು ನ್ಯಾಮತಿ ಸಂತೆಯಲ್ಲಿ ಮಾರುತ್ತಿದ್ದರು. ವರ್ಷಕ್ಕೆ ಎರಡು ಸಲ ಹೋಗಿಬರುತ್ತಿದ್ದರು. ನಮ್ಮ ಕಡೆ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ಬಿಳಿ ಬಿಲ್ಲೆ. ಹರಿಯುವ ನೀರನ್ನು ನಾನು ಮಳೆ ಬಂದ ದಿನ ಬೀದಿಯಲ್ಲಿ ಮಾತ್ರ ನೋಡಿದ್ದೆ. ಮದುವೆಯಾಗಿ ಮೂರು ವರ್ಷ ಅವರನ್ನು ಏನೂ ಕೇಳಿರಲಿಲ್ಲ. ಆ ವರ್ಷ ಕೇಳಿದೆ, ಒಂದು ಸಲ ಹೊಳೆ ತೋರಿಸಿರಿ ಎಂದು. ಅವರು ನಕ್ಕು, ಆಯಿತು, ಹೊನ್ನಾಳಿಯಲ್ಲಿ ಗಿರಿಜೆಯ ತವರಿನಲ್ಲಿ ನೀನು ಇರು, ನಾನು ನ್ಯಾಮತಿಗೆ ಹೋಗಿಬರುತ್ತೇನೆ ಎಂದರು.

ಗಿರಿಜೆ ನಮ್ಮ ಎದುರು ಮನೆಯ ಸೊಸೆ. ಹೊನ್ನಾಳಿಯ ಹಾಲಮ್ಮನ ಮಗಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಆ ಮನೆಯವರು ಮಗನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ ಎಂದು ಬಾವಿಕಟ್ಟೆಯಲ್ಲಿ ಮಾತಿತ್ತು. ನಾನು ಕೇಳಿಸಿಕೊಂಡು ಕೊಡ ತುಂಬಿಕೊಂಡು ಬರುತ್ತಿದ್ದೆ. ಹೊರಡುವ ಹಿಂದಿನ ಸಂಜೆ ಗಿರಿಜೆ ಅದೇ ಕಟ್ಟೆಯ ಹತ್ತಿರ ಈ ಡಬ್ಬಿಯನ್ನು ನನ್ನ ಕೈಗಿಟ್ಟಳು. ಅವಳ ಅತ್ತೆ ನಾಲ್ಕು ಮಾರು ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದಳು.

“ಪಂಚಮಿಗೆ ನಮ್ಮವ್ವ ಉಂಡಿ ಕಳಿಸಿದ್ದ ಡಬ್ಬಿ ಇದು,” ಎಂದಳು ಗಿರಿಜೆ. “ಹೆಂಗೈತೋ ಹಂಗೇ ಅವಳ ಕೈಗೆ ಕೊಡು. ಮರೀಬೇಡ.”

ನಾನು ಮರೆಯುವುದಿಲ್ಲ ಎಂದೆ. ನಾನು ಉಪ್ಪಿನಕಾಯಿ ಹಾಕಿ ಕೊಟ್ಟಿದ್ದ ನನ್ನ ಕಂಚಿನ ಬಟ್ಟಲೊಂದು ಅವಳ ಹತ್ತಿರವಿತ್ತು. ಅದನ್ನು ಬಂದ ಮೇಲೆ ಇಸಿದುಕೊಳ್ಳುತ್ತೇನೆ ಎಂದು ಹೇಳಿ ಒಳಗೆ ಬಂದೆ.

ದಾವಣಗೆರೆಗೆ ಬಸ್ ಚಾರ್ಜು ಆಳಿಗೆ ಹತ್ತಾಣೆ. ದಾರಿಯಲ್ಲಿ ಎರಡು ಕಡೆ ಏರು ಬಂದಾಗ ಗಂಡಸರೆಲ್ಲ ಇಳಿದು ನೂಕಿದರು. ತಲುಪುವಾಗ ಮಧ್ಯಾಹ್ನ ಕಳೆದು ಹೊನ್ನಾಳಿಯ ಬಸ್ಸು ಹೋಗಿಯಾಗಿತ್ತು. ಛತ್ರದಲ್ಲಿ ಉಳಿದೆವು. ನಾನು ಕಂಡ ಮೊದಲ ದೊಡ್ಡ ಊರು. ಗಿರಣಿಯ ಚಿಮಣಿ ಊರಿಗಿಂತ ಎತ್ತರ, ಅದರ ಕೂಗು ಕೇಳಿ ನಾನು ಬೆಚ್ಚಿದ್ದನ್ನು ನೋಡಿ ಛತ್ರದ ಹೆಂಗಸರು ನಕ್ಕರು. ಖಾರದ ಮಂಡಕ್ಕಿ ತಿಂದೆವು. ಬಾಯಿ ಉರಿದರೂ ಇನ್ನೊಂದು ಪೊಟ್ಟಣ ಬೇಕೆನ್ನಿಸಿತು. ಕೇಳಲು ನಾಚಿಕೆಯಾಯಿತು.

ಬುಧವಾರದ ಬಸ್ಸು ನಮ್ಮನ್ನು ಹೊಳೆಯ ಈಚೆ ದಡದಲ್ಲೇ ಇಳಿಸಿತು. ಒಂದು ಹುಣಿಸೇ ಮರದ ಸಾಲು ದಾಟಿದೆವು. ಎದುರಿಗೆ ತುಂಗಭದ್ರೆ. ಬೇಸಿಗೆ ಹತ್ತಿರ ಬಂದಿದ್ದರಿಂದ ಅರ್ಧ ಮರಳು, ಅರ್ಧ ನೀರು. ಆದರೂ ಅಷ್ಟು ನೀರು ಒಂದೇ ಕಡೆಗೆ, ಯಾರೂ ಸೇದದೆ, ತನ್ನಷ್ಟಕ್ಕೆ ಹೋಗುತ್ತಿತ್ತು. ಬಗ್ಗಿ ಬೊಗಸೆಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ನಿಮ್ಮ ಅಜ್ಜ ಬೇರೆ ಕಡೆ ನೋಡುತ್ತ ನಿಂತರು, ನನಗೆ ಸಂಕೋಚವಾಗದಿರಲಿ ಎಂದು.

ಹರಿಗೋಲಿನ ದುರುಗಪ್ಪ ನಮ್ಮನ್ನು ದಾಟಿಸಿದ. ದಪ್ಪ ಮೀಸೆಯ, ಐವತ್ತು ದಾಟಿದ ಆಳು. ಹುಟ್ಟು ಹಾಕುವುದಕ್ಕಿಂತ ಅವನ ಬಾಯಿಗೇ ಕೆಲಸ ಹೆಚ್ಚು. ಯಾವ ದಡದಲ್ಲಿ ಏನಾದರೂ ಇನ್ನೊಂದು ದಡಕ್ಕೆ ಮೊದಲು ತಿಳಿಸುವವನು ತಾನೇ ಎಂಬ ಹೆಮ್ಮೆ ಅವನಿಗೆ. ಡಿಪೋಗೆ ಸೀಮೆಎಣ್ಣೆ ಬಂದಿದೆ, ಮನೆಗೊಂದು ಬಾಟ್ಲಿ ಎಂದು ಡಂಗುರ ಹೊಡೆದಿದ್ದಾರೆ ಎಂದ. ಮೇಲಿನ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯುತ್ತಿದೆ ಎಂದ. ನನ್ನ ಕೈಯ ಡಬ್ಬಿ ಕಂಡು, ಇದು ಹಾಲಮ್ಮನ ಡಬ್ಬಿಯಲ್ಲವೇ ಎಂದೂ ಗುರುತು ಹಿಡಿದ.

ನಡುನೀರಿನಲ್ಲಿ ನನಗೆ ಬಾಯಾರಿತು. ಡಬ್ಬಿಯ ಮುಚ್ಚಳದಲ್ಲಿ ನೀರು ಮೊಗೆದು ಕುಡಿಯೋಣವೆಂದು ಬಟ್ಟೆ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಯಾರೂ ಕಾಣುವ ಮೊದಲೇ ಮುಚ್ಚಿದೆ.

ನಿಮಗೆ ಗೊತ್ತಲ್ಲ, ನಮ್ಮಲ್ಲಿ ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ನಾಲ್ಕು ಕಾಳು ಕಡಲೆ ಹಾಕಿ ಕೊಡುತ್ತೇವೆ. ತಾಯಿಯ ಮನೆಗೆ ಹೋಗುವ ಡಬ್ಬಿ ಬರಿದು. ಗಿರಿಜೆಯ ಅತ್ತೆ ಜಿಪುಣಿ, ಹಾಕಲು ಬಿಟ್ಟಿರಲಿಕ್ಕಿಲ್ಲ ಎಂದುಕೊಂಡೆ. ಆಮೇಲೆ ಯೋಚಿಸಿದೆ, ಇದನ್ನು ಕೊಡುವುದು ನನ್ನ ಕೈಯಲ್ಲವೇ? ಮೊದಲ ಸಲ ಹೋಗುವ ಮನೆ. ಜಗಳೂರಿನವರಿಗೆ ಇಷ್ಟೂ ತಿಳಿಯದೇ ಎಂದು ನಗುವುದಿಲ್ಲವೇ? ಗಿರಿಜೆಗಿಂತ ಹೆಚ್ಚಾಗಿ ನನಗೇ ನಾಚಿಕೆಯಾಯಿತು.

ಊರೊಳಗೆ ಬರುತ್ತಲೇ ಪೇಟೆಯ ಒಂದು ಅಂಗಡಿಯಲ್ಲಿ ಎರಡು ಅಚ್ಚು ಬೆಲ್ಲ, ಪಾವು ಪುಟಾಣಿ ತೆಗೆಸಿಕೊಟ್ಟರು ನಿಮ್ಮ ಅಜ್ಜ. ಬೆಲ್ಲ ಒಡೆದು ಡಬ್ಬಿಗೆ ತುಂಬಿದೆ. ಮುಚ್ಚಳ ಹಾಕಿದಾಗ ನನ್ನ ಮನಸ್ಸಿಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹಾಲಮ್ಮನ ಮನೆ ಹೊಳೆಗೆ ಇಳಿಯುವ ಓಣಿಯಲ್ಲಿ ಕೊನೆಯದು. ನಿಮ್ಮ ಅಜ್ಜ ನನ್ನನ್ನು ಅಲ್ಲಿ ಬಿಟ್ಟು, ಮರುದಿನದ ಸಂತೆಗೆ ಗಾಡಿ ಗೊತ್ತುಮಾಡಲು ಪೇಟೆಗೆ ಹೋದರು. ಬಾಗಿಲಲ್ಲಿ ಗಾಡಿ ನಿಂತಿತ್ತು. ಅವಳ ಮಗ ಬಸಣ್ಣ ಶಿಕಾರಿಪುರದ ಕಡೆಗೆ ಮೆಣಸಿನಕಾಯಿ ಹೇರಿಕೊಂಡು ಹೋಗಬೇಕಾದವನು ಎರಡು ದಿನದಿಂದ ಹೋಗದೆ ಉಳಿದಿದ್ದ. ಪಂಚಮಿಯಿಂದೀಚೆಗೆ ಮಗಳ ಸುದ್ದಿಯಿಲ್ಲ ಎಂದು ತಾಯಿ ಅವನನ್ನು ತಡೆದು ಕೂರಿಸಿದ್ದಳು.

ಹಾಲಮ್ಮ ನನಗೆ ಕಾಲಿಗೆ ನೀರು ಕೊಡುವುದನ್ನೂ ಮರೆತು ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಮುಚ್ಚಳ ತೆಗೆದಳು. ಬೆಲ್ಲ ಕಂಡವಳೇ ಗೋಡೆಗೆ ಒರಗಿ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಓಣಿಯ ಹೆಂಗಸರನ್ನೆಲ್ಲ ಕರೆದು, ಗಿರಿಜೆ ಕಳಿಸಿದ್ದು ಎಂದು ಎಲ್ಲರಿಗೂ ಒಂದೊಂದು ಚೂರು ಕೊಟ್ಟಳು. ಪಕ್ಕದ ಮನೆಯ ಮುದುಕಿಯೊಬ್ಬಳು ಬೆಲ್ಲವನ್ನು ಬೆಳಕಿಗೆ ಹಿಡಿದು ನೋಡಿದಳು.

“ಬಣ್ಣ ನೋಡಿದ್ರೆ ನಮ್ಮ ನ್ಯಾಮತಿ ಅಚ್ಚಿನಂಗೈತಲ್ಲೇ.”

“ನಮ್ಮೂರಿಗೂ ನ್ಯಾಮತಿ ಬೆಲ್ಲನೇ ಬರ್ತದೆ,” ಎಂದೆ ನಾನು. ಯಾರೆದುರೂ ಬಾಯಿ ಬಿಡದವಳು ಆ ಸುಳ್ಳನ್ನು ಮಾತ್ರ ತಡವರಿಸದೆ ಹೇಳಿದೆ.

ಆಗ ಹಾಲಮ್ಮ ನನ್ನ ಗಲ್ಲ ಸವರಿ ಹೇಳಿದಳು. “ನಿನಗೆ ಗೊತ್ತಿಲ್ಲ ಮಗಾ. ಗಂಡನ ಮನೆಗೆ ಕಳಿಸೋವಾಗ ಅವಳ ಕಿವಿಯಾಗೆ ಹೇಳಿದ್ದೆ. ನಿನಗೆ ಬರೆಯಾಕೆ ಬರಲ್ಲ, ನನಗೆ ಓದಾಕೆ ಬರಲ್ಲ. ಸುಖವಾಗಿದ್ರೆ ನನ್ನ ಡಬ್ಬಿ ತುಂಬಿ ಕಳಿಸು. ತಡಕಳ್ಳಾರದ ಕಷ್ಟ ಬಂದ್ರೆ ಖಾಲಿ ಕಳಿಸು. ಖಾಲಿ ಡಬ್ಬಿ ಲೋಕದಾಗೆ ಯಾರೂ ಕಳಿಸಲ್ಲ, ನನಗೆ ತಿಳೀತೈತೆ, ಆವತ್ತೇ ನಿಮ್ಮಣ್ಣನ್ನ ಅಟ್ಟುತೀನಿ ಅಂದಿದ್ದೆ.” ಆಮೇಲೆ ಬಾಗಿಲ ಕಡೆ ತಿರುಗಿ, “ಬಸಣ್ಣ, ಇನ್ನ ಗಾಡಿ ಕಟ್ಟಪ್ಪ,” ಎಂದಳು.

ಬಸಣ್ಣ ನಗುತ್ತ ಎದ್ದ. ಗಾಲಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ. ಮೆಣಸಿನಕಾಯಿ ಚೀಲಗಳ ಹಗ್ಗ ಬಿಗಿದ. ಒಂದು ಎತ್ತು ತಂದು ನೊಗಕ್ಕೆ ಕೊರಳು ಕೊಡಿಸಿದ, ಇನ್ನೊಂದನ್ನು ತರಲು ಹಿತ್ತಲಿಗೆ ಹೋದ. ಅಷ್ಟು ಹೊತ್ತು ನನಗೆ ಸಿಕ್ಕಿತ್ತು. ಡಬ್ಬಿ ಖಾಲಿ ಬಂದಿತ್ತು, ಬೆಲ್ಲ ನನ್ನದು, ಇಷ್ಟೇ ಮಾತು. ಆದರೆ ಸುತ್ತ ಏಳೆಂಟು ಹೆಂಗಸರು. ಎಲ್ಲರ ಬಾಯಲ್ಲೂ ಆ ಬೆಲ್ಲ. ಈಗತಾನೇ ಅವರೆದುರು ಹೇಳಿದ ಸುಳ್ಳು ನನ್ನ ನಾಲಿಗೆಯ ಮೇಲೇ ಇತ್ತು. ಗಾಡಿ ಓಣಿಯ ತಿರುವಿನಲ್ಲಿ ಮರೆಯಾಯಿತು. ಎತ್ತಿನ ಗೆಜ್ಜೆಯ ಸದ್ದು ಪೇಟೆಯ ಗದ್ದಲದಲ್ಲಿ ಕಲೆಯುವ ತನಕ ಕೇಳಿಸುತ್ತಿತ್ತು. ಅವನು ಮರಳುವುದು ಎಂಟು ದಿನದ ಮೇಲೆ ಎಂದರು.

ಆ ಸಂಜೆ ಹಾಲಮ್ಮ ನನ್ನನ್ನು ಹೊಳೆಗೆ ಕರೆದುಕೊಂಡು ಹೋದಳು. ಹೆಂಗಸರು ಮರಳಿನಲ್ಲಿ ಪಾತ್ರೆ ತಿಕ್ಕುತ್ತಿದ್ದರು, ಅಗಸರು ಕತ್ತೆಗಳನ್ನು ನೀರಿಗಿಳಿಸಿದ್ದರು. ಮರಳ ದಿಬ್ಬದ ಮೇಲೆ ಕಲ್ಲಂಗಡಿ ಬಳ್ಳಿ ಹಬ್ಬಿಸಿ ಬೇಲಿ ಕಟ್ಟಿದ್ದರು. ಮೊಸಳೆಯೂ ದೂರದಲ್ಲಿ ಕಂಡಿತು, ಬಿದ್ದ ಮರದ ಹಾಗೆ. ನೋಡಬೇಕೆಂದು ಬಂದದ್ದೆಲ್ಲ ಕಣ್ಣೆದುರಿಗಿತ್ತು. ಊರಿನ ಸುದ್ದಿಯೆಲ್ಲ ಹೊಳೆಯ ಮೆಟ್ಟಿಲ ಮೇಲೆ ಇಳಿದು ಹತ್ತುತ್ತಿತ್ತು. ಪಟ್ಟಣಶೆಟ್ಟರ ಓಣಿಯ ಹುಡುಗನೊಬ್ಬ ಸೈನ್ಯದಿಂದ ಫೋಟೋ ಕಳಿಸಿದ್ದಾನಂತೆ, ಟೋಪಿ ಹಾಕಿ ಗುರುತೇ ಸಿಗುವುದಿಲ್ಲವಂತೆ. ಸೀಮೆಎಣ್ಣೆ ಡಿಪೋದ ಮುಂದೆ ಇಬ್ಬರು ಬಾಟ್ಲಿ ಹಿಡಿದು ಕಿತ್ತಾಡಿ ಎರಡೂ ಒಡೆದವಂತೆ. ಹಾಲಮ್ಮನ ಡಬ್ಬಿ ಜಗಳೂರಿಂದ ತುಂಬಿ ಬಂತಂತೆ. ಇದು ದುರುಗಪ್ಪನ ಹರಿಗೋಲಿನಲ್ಲಿ ಆಚೆ ದಡಕ್ಕೂ ಹೋಗಿ, ಆಚೆಯಿಂದ ಬಂದ ಮಜ್ಜಿಗೆಯವಳ ಬಾಯಿಂದ ನನಗೇ ತಿರುಗಿ ಬಂತು.

ಗುರುವಾರ ನಿಮ್ಮ ಅಜ್ಜ ಕಂಬಳಿ ಗಂಟುಗಳೊಂದಿಗೆ ನ್ಯಾಮತಿಗೆ ಹೋದರು. ಹತ್ತು ಮೈಲಿ. ಸಂತೆಯಲ್ಲಿ ಬೆಲ್ಲದ ಅಚ್ಚುಗಳನ್ನು ಗೋಡೆಯ ಹಾಗೆ ಜೋಡಿಸಿಟ್ಟಿರುತ್ತಾರೆಂದೂ, ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟ ಲಂಬಾಣಿಗರು ಕನ್ನಡಿಯ ಲಂಗ ಮಿಂಚಿಸುತ್ತ ಗುಂಪುಗುಂಪಾಗಿ ಬಂದು ಆರು ಕಂಬಳಿ ಕೊಂಡರೆಂದೂ ಬಂದು ಹೇಳಿದರು. ನಾನು ಕೇಳಿಸಿಕೊಂಡೆ ಎಂದು ತಲೆಯಾಡಿಸಿದೆ. ಆ ದಿನವೆಲ್ಲ ನಾನು ಹಾಲಮ್ಮನ ಹಿಂದೆ ಹಿಂದೆಯೇ ತಿರುಗಿದ್ದೆ, ಹೇಳಿಬಿಡೋಣವೆಂದು. ಅವಳು ಎಳ್ಳು ಹುರಿದಳು, ಬೆಲ್ಲ ಕುಟ್ಟಿದಳು, ಮಗಳಿಗೆ ಇಷ್ಟವೆಂದು ಚಿಗಳಿ ಉಂಡೆ ಕಟ್ಟಿದಳು. ಗಿರಿಜೆ ಮೈ ತುಂಬಿಕೊಂಡಿದ್ದಾಳೆಯೇ, ಅತ್ತೆ ಮಾತಾಡಿಸುತ್ತಾಳೆಯೇ ಎಂದು ಕೇಳುತ್ತಿದ್ದಳು. ಪ್ರತಿ ಸಲವೂ ಹ್ಞೂ ಎಂದೆ. ಒಂದು ಹ್ಞೂ ಹೇಳಿದ ಮೇಲೆ ಇನ್ನೊಂದು ಹೇಳುವುದು ಸುಲಭವಾಯಿತು. ಬಾವಿಕಟ್ಟೆಯಲ್ಲಿ ಕೇಳಿದ ಮಾತನ್ನು ಮಾತ್ರ ಹೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಹೊರಟೆವು. ಹಾಲಮ್ಮ ನನಗೆ ಉಡಿ ತುಂಬಿ, ಡಬ್ಬಿಯ ಬಾಯಿ ತನಕ ಚಿಗಳಿ ಒತ್ತಿ ತುಂಬಿ ಕೈಗೆ ಕೊಟ್ಟಳು. ದಡದ ತನಕ ಬಂದು ನೀರಿನಲ್ಲಿ ಪಾದ ಮುಳುಗಿಸಿಕೊಂಡು ನಿಂತಳು. ಹರಿಗೋಲು ಸುತ್ತಿ ಸುತ್ತಿ ದೂರವಾದಷ್ಟೂ ಅವಳು ನಿಂತೇ ಇದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಹೊಳೆ ಬಿಟ್ಟು ಹೋಗುವುದಕ್ಕೆ ಅಳುತ್ತೀಯಾ ಎಂದು ನಿಮ್ಮ ಅಜ್ಜ ನಕ್ಕರು. ಆಗ ಹೇಳಿದೆ. ಡಬ್ಬಿ ಖಾಲಿ ಕಳಿಸುವುದರ ಅರ್ಥ, ನಾನು ಅದಕ್ಕೆ ಬೆಲ್ಲ ತುಂಬಿದ್ದು, ಬಸಣ್ಣ ಎತ್ತು ಹೂಡುವಾಗ ಸುಮ್ಮನಿದ್ದದ್ದು, ಎಲ್ಲ. ಅವರಿಗೆ ಮಾತ್ರ ಕೇಳಲಿ ಎಂದು ಪಿಸುಗುಟ್ಟಿದೆ. ಹರಿಗೋಲಿನಲ್ಲಿ ಪಿಸುಮಾತಿಗೆ ಜಾಗವಿರುವುದಿಲ್ಲ. ಎಲ್ಲರೂ ಕೇಳಿಸಿಕೊಂಡರು.

ನಿಮ್ಮ ಅಜ್ಜ ನನ್ನ ಮುಖ ನೋಡಿದರು, ಬೈಯಲಿಲ್ಲ. “ಬೆಲ್ಲ ಕೊಡಿಸಿದಾಗ ನನಗಾದರೂ ಹೇಳಬಾರದಿತ್ತೇ, ಅವಳು ಹೆಂಗೈತೋ ಹಂಗೇ ಕೊಡು ಅಂದಿದ್ಲು ಅಂತ?” ಎಂದರು.

ದುರುಗಪ್ಪ ಹುಟ್ಟು ನಿಲ್ಲಿಸಿದ. “ಎರಡು ದಿನ ಆ ಸುದ್ದೀನ ನಾನೇ ಹೊತ್ತು ತಿರುಗೀನಲ್ಲ ತಂಗಿ. ನನ್ನ ಹರಿಗೋಲಾಗೆ ಸುಳ್ಳು ಹೇರಿಸಿಬಿಟ್ಟೆ ನೀನು.”

ತಿರುಗಿಸಿ ಎಂದು ಬೇಡಿದೆ. ಇಷ್ಟು ಜನರನ್ನು ಕೂರಿಸಿಕೊಂಡು ತಿರುಗಿಸಲಾಗುವುದಿಲ್ಲ, ಇವರನ್ನು ಇಳಿಸಿ ನಿನ್ನೊಬ್ಬಳನ್ನೇ ಕರೆದುಕೊಂಡು ಹೋಗುತ್ತೇನೆ ಎಂದ. ಎಲ್ಲರೂ ಇಳಿದರು. ನಿಮ್ಮ ಅಜ್ಜ ಜೊತೆಗೆ ಬರಲೇ ಎಂದಾಗ ನಾನು ಬೇಡವೆಂದೆ. ಚಿಗಳಿಯನ್ನೆಲ್ಲ ಉಡಿಗೆ ಸುರಿದುಕೊಂಡೆ. ಡಬ್ಬಿಯ ತಳಕ್ಕೆ ಅಂಟಿದ್ದ ಎಳ್ಳನ್ನು ಸೆರಗಿನಿಂದ ಒರೆಸಿದೆ, ಹೊಳೆಯ ನೀರಿನಲ್ಲಿ ತೊಳೆದೆ.

ಹಾಲಮ್ಮ ಅದೇ ಜಾಗದಲ್ಲಿದ್ದಳು. ಏನೋ ಮರೆತು ಬಂದಳೆಂದು ನಗುತ್ತ ಎರಡು ಹೆಜ್ಜೆ ನೀರಿಗಿಳಿದಳು. ನಾನು ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದು ನೋಡಿದಳು. ಒಳಗೆ ಕೈ ಹಾಕಿ ತಳ ಸವರಿದಳು.

“ಇದು ನಿನ್ನ ಕೈಯಾಗೆ ಖಾಲಿ ಆತೋ, ಅವಳ ಕೈಯಾಗೋ?”

“ಅವಳ ಕೈಯಾಗೆ.”

“ಮತ್ತೆ ಬೆಲ್ಲ?”

“ನಾನು ಕೊಂಡಿದ್ದು ಅವ್ವಾ. ಇಲ್ಲೇ ಪೇಟೆಯಾಗೆ.”

ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ಮನೆಯ ಬಾಗಿಲು ಹಾಕಿಬಿಡು ಎಂದು ಪಾತ್ರೆ ತಿಕ್ಕುತ್ತಿದ್ದ ಒಬ್ಬಳಿಗೆ ಹೇಳಿದಳು. ಉಟ್ಟ ಸೀರೆಯಲ್ಲೇ, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಹರಿಗೋಲು ಹತ್ತಿ ನನ್ನ ಎದುರಿಗೆ ಕೂತಳು. “ನಡಿ ದುರುಗಪ್ಪ,” ಎಂದಳು. ದುರುಗಪ್ಪ ಆ ದಿನ ನಮ್ಮಿಂದ ಕಾಸು ಮುಟ್ಟಲಿಲ್ಲ.

ನಾವು ಹಿಡಿಯಬೇಕಿದ್ದ ಬೆಳಗಿನ ಬಸ್ಸು ಹೋಗಿಯಾಗಿತ್ತು. ಮುಂದಿನದು ಸಂಜೆಗೆ. ದಾವಣಗೆರೆಯ ಛತ್ರದಲ್ಲಿ ಅವಳು ಏನೂ ತಿನ್ನಲಿಲ್ಲ. ನನ್ನ ಉಡಿಯಲ್ಲಿದ್ದ ಚಿಗಳಿಯನ್ನು ನಾನೂ ಮುಟ್ಟಲಿಲ್ಲ. ಶನಿವಾರದ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಹೊಂಡ ಬಂದಾಗಲೆಲ್ಲ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಮೂವತ್ತು ಮೈಲಿಯಲ್ಲಿ ಅವಳು ಆಡಿದ್ದು ಒಂದೇ ಮಾತು. “ಹೆಣ್ಣು ಕೊಟ್ಟ ಮನೆಯೋರು ಬಂದು ಜಗಲಿ ಮ್ಯಾಲೆ ಕೂತ್ರೆ ಅವರಿಗೆ ಚಪ್ಪರ ಹಾಕಾಕೆ ಆಗ್ತಿರಲಿಲ್ಲ.” ಬಾವಿಕಟ್ಟೆಯ ಮಾತನ್ನು ಛತ್ರದಲ್ಲಿ ಅವಳಿಗೆ ಹೇಳಿದ್ದೆ.

ಜಗಳೂರಿನಲ್ಲಿ ಇಳಿದು ನಮ್ಮ ಬೀದಿಗೆ ಬಂದಾಗ ನೆತ್ತಿಯ ಮೇಲೆ ಬಿಸಿಲು. ಎದುರು ಮನೆಯ ಚಪ್ಪರದ ಮಾವಿನೆಲೆ ಬಾಡಿ ಮುದುಡಿತ್ತು. ಗಿರಿಜೆಯ ಗಂಡನ ಎರಡನೇ ಲಗ್ನ ಅವಸರದಲ್ಲಿ ಶುಕ್ರವಾರವೇ ಆಗಿಹೋಗಿತ್ತು. ಬುಧವಾರ ಮಧ್ಯಾಹ್ನ ಬಸಣ್ಣ ಎತ್ತು ಹೂಡುವ ಬದಲು ಬಸ್ಸು ಹತ್ತಿದ್ದರೆ ಗುರುವಾರಕ್ಕೆ ಆ ಜಗಲಿಯ ಮೇಲೆ ಬಂದು ಕೂರುತ್ತಿದ್ದ. ಈ ಲೆಕ್ಕವನ್ನು ನನಗೆ ಯಾರೂ ಹೇಳಲಿಲ್ಲ. ಅಂದಿನಿಂದ ನಾನೇ ಹಾಕುತ್ತ ಬಂದಿದ್ದೇನೆ.

ಹಾಲಮ್ಮ ಜಗಳವಾಡಲಿಲ್ಲ. ಒಳಗೆ ಹೋಗಿ ಮಗಳ ಕೈ ಹಿಡಿದು ಹೊರಗೆ ಕರೆತಂದಳು. ನಿಮ್ಮ ಅಜ್ಜ ಬಾಡಿಗೆಗೆ ಗಾಡಿ ತಂದು ನಿಲ್ಲಿಸಿದರು. ನಾನು ನಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದೆ, ಹೊರಗೆ ಬರುವ ಮುಖವಿರಲಿಲ್ಲ. ಗಿರಿಜೆ ಒಂದು ಗಂಟು ಬಟ್ಟೆ ಗಾಡಿಯಲ್ಲಿಟ್ಟಳು. ಮತ್ತೆ ಒಳಗೆ ಹೋದಳು. ಏಕೆಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಬಂದು ಬೀದಿ ದಾಟಿ ನಮ್ಮ ಬಾಗಿಲಿಗೇ ಬಂದಳು. ತಾಯಿ ದಾರಿಯಲ್ಲಿ ನನಗೆ ಆಡದೆ ಉಳಿಸಿಕೊಂಡಿದ್ದನ್ನೆಲ್ಲ ಒಳಗೆ ಮಗಳಿಗೆ ಹೇಳಿರಬೇಕು. ಗಿರಿಜೆಯ ಕಣ್ಣು ನನ್ನ ಕಣ್ಣನ್ನು ಸೇರಲಿಲ್ಲ.

“ನಿನ್ನ ಬಟ್ಟಲು,” ಎಂದಳು.

ಗಾಡಿ ಹೊರಟಿತು. ಹಿಂದಕ್ಕೆ ಮುಖ ಮಾಡಿ ಕೂತಿದ್ದ ಗಿರಿಜೆ ಬೀದಿಯ ತಿರುವಿನ ತನಕ ಕಂಡಳು, ಪಕ್ಕದಲ್ಲಿ ತಾಯಿ, ತಾಯಿಯ ತೊಡೆಯ ಮೇಲೆ ಆ ಡಬ್ಬಿ. ಅವರು ಮರೆಯಾದ ಮೇಲೆ ನಾನು ಕೈ ನೋಡಿಕೊಂಡೆ. ಬಟ್ಟಲನ್ನು ಬೂದಿ ಹಾಕಿ ಥಳಥಳ ಬೆಳಗಿದ್ದಳು. ಅದರ ತಳದಲ್ಲಿ ಒಂದು ಹಿಡಿ ಶೇಂಗಾ ಇತ್ತು.